ಹೊರಗೆ ರೈಫಲ್, ಒಳಗೆ ನುಣುಪು: ಸ್ಮೂತ್ ರೈಫಲ್ ಕೊಳ್ಳಬೇಕೋ ಬೇಡವೋ

ಅಮೆರಿಕದಲ್ಲಿ ಮದ್ದಿನ ಕೋವಿಯ ಹವ್ಯಾಸ ಹಿಡಿಸಿಕೊಂಡ ಓದುಗರು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ: "ರೈಫಲ್ ತಗೊಳ್ಳಲೋ, ಚರೆ ಹೊಡೆಯುವ ಕೋವಿ ತಗೊಳ್ಳಲೋ? ಎರಡೂ ಕೆಲಸ ಒಂದರಲ್ಲೇ ಆಗುತ್ತೆ ಅಂತ ಸ್ಮೂತ್ ರೈಫಲ್ ತೋರಿಸ್ತಾರೆ, ನಿಜವೇ?" ಅರ್ಧ ನಿಜ. ಆ ಅರ್ಧದಲ್ಲಿ ನಿಮ್ಮ ಕೆಲಸ ಮುಗಿಯುತ್ತದೆಯೇ ಎಂದು ದುಡ್ಡು ಎಣಿಸಿಕೊಡುವ ಮೊದಲೇ ನೋಡಿಕೊಳ್ಳಬೇಕು.

ಮೊದಲು ಮಾತುಗಳು. ರೈಫಲ್‌ನ ನಳಿಗೆಯ ಒಳಮೈಯಲ್ಲಿ ಸುರುಳಿ ಗೀರುಗಳಿರುತ್ತವೆ. ಅವು ಗುಂಡಿಗೆ ತಿರುಗು ಕೊಡುತ್ತವೆ. ಗೀರಿಲ್ಲದ ನುಣುಪು ನಳಿಗೆಯ ಕೋವಿಯಲ್ಲಿ ಒಂಟಿ ಗುಂಡನ್ನೂ ಹೊಡೆಯಬಹುದು, ಚರೆಯನ್ನೂ, ಅಂದರೆ ಒಟ್ಟಿಗೆ ಹಾರುವ ಸಣ್ಣ ಕಾಳುಗಳನ್ನೂ, ಹೊಡೆಯಬಹುದು. ಸ್ಮೂತ್ ರೈಫಲ್ ಎಂದರೆ ಎಂಟು ಮೂಲೆಯ ನಳಿಗೆ, ಕೆನ್ನೆ ತಾಗುವ ಕಡೆ ಉಬ್ಬಿರುವ ಮೇಪಲ್ ಮರದ ಹಿಡಿ, ಅದರಲ್ಲಿ ಗುಂಡಿಗೆ ಸುತ್ತುವ ಬಟ್ಟೆಚೂರು ಇಡುವ ಪುಟ್ಟ ಪೆಟ್ಟಿಗೆ, ಗುರಿ ಹಿಡಿಯಲು ಮುಂದೊಂದು ಹಿಂದೊಂದು ಸೈಟು, ಹೀಗೆ ಹೊರಗಿನಿಂದ ಎಲ್ಲ ರೀತಿಯಲ್ಲೂ ರೈಫಲ್. ನಳಿಗೆಯೊಳಗೆ ಮಾತ್ರ ಗೀರಿಲ್ಲ. ಮದ್ದು, ಗುಂಡು ಎಲ್ಲವೂ ಬಾಯಿಯಿಂದಲೇ ಒಳಹೋಗಬೇಕು. ಮದ್ದು ಗುಂಡನ್ನು ಜಡಿಯುವ ಕೋಲನ್ನೂ ನಮ್ಮಲ್ಲಿ ಗಜ ಎನ್ನುವುದುಂಟು. ದೂರದ ಅಳತೆಯ ಗಜದ ಜೊತೆ ಕಲಸಿಹೋಗದಿರಲೆಂದು ಇಲ್ಲಿ ಅದನ್ನು ಜಡಿಗೋಲು ಎಂದಿದ್ದೇನೆ.

ಇದು ಇತ್ತೀಚಿನ ಕಸರತ್ತೇನಲ್ಲ. 18ನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆಸಿದ ಜರ್ಮನ್ ಮೂಲದ ಕೋವಿ ಕಮ್ಮಾರರು ಉದ್ದ ನಳಿಗೆಯ ರೈಫಲ್ ಮಾಡುತ್ತಿದ್ದ ಅಂಗಡಿಗಳಲ್ಲೇ ಇವೂ ತಯಾರಾಗುತ್ತಿದ್ದವು. ಕೈಯಲ್ಲಿ ಎಳೆದು ಗೀರು ಕೊರೆಯುವ ಕೆಲಸ ಕಮ್ಮಾರನಿಗೆ ತಪ್ಪುತ್ತಿತ್ತು. ಕೊಳ್ಳುವ ರೈತನಿಗೆ ಅಳಿಲಿಗೂ ಜಿಂಕೆಗೂ ಒಂದೇ ಕೋವಿ ಸಾಕಾಗುತ್ತಿತ್ತು. ಮಲೆನಾಡಿನ ಒಂಟಿನಳಿಗೆಯ ಕೇಪಿನ ಕೋವಿ (ಬಡಿದರೆ ಕಿಡಿ ಕಾರುವ ಪುಟ್ಟ ಲೋಹದ ಟೋಪಿಯೇ ಕೇಪು) ನೋಡಿದವರಿಗೆ ಒಳಗಿನ ಕಥೆ ಹೊಸದಲ್ಲ, ಅದರದೂ ನುಣುಪು ನಳಿಗೆಯೇ. ವ್ಯತ್ಯಾಸವೆಲ್ಲ ಹಿಂದಿನ ಸೈಟು ಮತ್ತು ಹಿಡಿಯ ಆಕಾರದಲ್ಲಿದೆ. ಕೊಳ್ಳುವ ನಿರ್ಧಾರವೂ ಅಲ್ಲಿಯೇ ಆಗಬೇಕು.

ಹಂತ 1: ನೀವು ಹೊಡೆಯುವ ನೂರು ಈಡು ಲೆಕ್ಕ ಹಾಕಿ

ಒಂದು ಹಾಳೆ ತೆಗೆದುಕೊಳ್ಳಿ. ಮುಂದಿನ ಒಂದು ವರ್ಷದಲ್ಲಿ ನೂರು ಈಡು ಹಾರಿಸುತ್ತೀರಿ ಎಂದಿಟ್ಟುಕೊಳ್ಳಿ. ಅದರಲ್ಲಿ ಎಷ್ಟು ಒಂಟಿ ಗುಂಡು, ಎಷ್ಟು ಚರೆ, ಯಾವ ದೂರಕ್ಕೆ ಎಂದು ಪ್ರಾಮಾಣಿಕವಾಗಿ ಬರೆಯಿರಿ.

ಹೆಚ್ಚಿನವು 75 ಗಜಕ್ಕಿಂತ ಆಚೆಗಾದರೆ ಇಲ್ಲಿಗೇ ನಿಲ್ಲಿಸಿ, ರೈಫಲ್ ಕೊಳ್ಳಿ. ಒಂದೇ ಅಳತೆಯ ಮದ್ದು ಹಾಕಿದರೆ ರೈಫಲ್ ಗುಂಡಿನ ವೇಗಕ್ಕೂ ನುಣುಪು ನಳಿಗೆಯ ಗುಂಡಿನ ವೇಗಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ, ಹಾಗಾಗಿ ಕೊರತೆ ಬಲದಲ್ಲಿ ಅಲ್ಲ, ದಾರಿಯಲ್ಲಿ. ಎರಕದ ಸೀಸದ ಗುಂಡು ಎಂದೂ ಪೂರ್ತಿ ದುಂಡಗಿರುವುದಿಲ್ಲ. ಎರಕ ಹೊಯ್ದ ಬಾಯಿಯ ಗುರುತು, ಒಳಗೊಂದು ಗಾಳಿಗುಳ್ಳೆ, ಏನಾದರೂ ಇದ್ದೇ ಇರುತ್ತದೆ. ರೈಫಲ್‌ನಲ್ಲಿ ಗುಂಡು ಸುತ್ತುತ್ತಾ ಹೋಗುವುದರಿಂದ ಆ ದೋಷ ಎಲ್ಲ ದಿಕ್ಕಿಗೂ ಸಮನಾಗಿ ಹಂಚಿಹೋಗುತ್ತದೆ. ನುಣುಪು ನಳಿಗೆಯಿಂದ ಹೊರಟ ಗುಂಡು ತನಗೆ ತೋಚಿದಂತೆ ಉರುಳಿಕೊಂಡು ಹೋಗುತ್ತದೆ. 50 ಗಜದವರೆಗೆ ಅದು ಅಷ್ಟಾಗಿ ಕಾಣುವುದಿಲ್ಲ. ಅಲ್ಲಿಂದಾಚೆ ಒಂದು ಗುಂಡು ಎಡಕ್ಕೆ, ಇನ್ನೊಂದು ಮೇಲಕ್ಕೆ. ಸೈಟು ತಿದ್ದಿದರೆ ಇದು ಸರಿಹೋಗದು.

ಹೆಚ್ಚಿನ ಈಡು ಹಾರುವ ಹಕ್ಕಿಗೆ ಅಥವಾ ಎಸೆದ ಮಣ್ಣಿನ ತಟ್ಟೆಗೆ ಎಂದಾದರೆ ಅಲ್ಲಿಯೂ ಇದು ಬೇಡ. ಹಾರುವ ಗುರಿಗೆ ಕಣ್ಣು ಗುರಿಯ ಮೇಲೆ ನೆಟ್ಟಿರಬೇಕು, ಕೋವಿ ತಾನಾಗಿ ಹಿಂಬಾಲಿಸಬೇಕು. ಹಿಂದಿನ ಸೈಟು ಇದ್ದರೆ ಕಣ್ಣು ಅದರ ಸೀಳಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ, ಕೋವಿ ನಿಲ್ಲುತ್ತದೆ, ಚರೆ ಹಕ್ಕಿಯ ಹಿಂದೆ ಹೋಗುತ್ತದೆ. ಅದಕ್ಕೆ ಹಿಂದಿನ ಸೈಟಿಲ್ಲದ, ಹಗುರ ನಳಿಗೆಯ ಹಕ್ಕಿ ಕೋವಿಯೇ ಸರಿ.

ಉಳಿದದ್ದು 50 ಗಜದೊಳಗೆ ಒಂಟಿ ಗುಂಡು, ನಡುನಡುವೆ 20–25 ಗಜದೊಳಗೆ ನಿಂತ ಅಥವಾ ಕೂತ ಗುರಿಗೆ ಚರೆ. ಅಳಿಲು, ಮೊಲ, ಕಾಡು ಟರ್ಕಿ, ದಟ್ಟ ಕಾಡಿನ ಜಿಂಕೆ. ನೂರರಲ್ಲಿ 70ಕ್ಕೂ ಹೆಚ್ಚು ಈ ಸಾಲಿಗೆ ಬಿದ್ದರೆ ಮುಂದೆ ಓದಿ.

"ರೈಫಲ್‌ನಲ್ಲೇ ಚರೆ ಹಾಕಿದರಾಗದೇ?" ಎನ್ನುವವರಿಗೆ: ಹಾಕಬಹುದು, ಆದರೆ ಸುರುಳಿ ಗೀರು ಚರೆಯನ್ನೂ ತಿರುಗಿಸುತ್ತದೆ. ಬಾಯಿಂದ ಹೊರಬಿದ್ದ ಕೂಡಲೇ ಚರೆಯೆಲ್ಲ ಹೊರಕ್ಕೆ ಚಿಮ್ಮಿ, ಹಾಳೆಯ ಮೇಲೆ ಉದ್ದಿನ ವಡೆಯಂತೆ ನಡುವೆ ತೂತು ಬೀಳುತ್ತದೆ. ನೀವು ಗುರಿಯಿಟ್ಟದ್ದು ಆ ತೂತಿಗೇ.

ಹಂತ 2: ಕಾನೂನು ಮತ್ತು ಸ್ಪರ್ಧೆಯ ನಿಯಮ

1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ ಕಪ್ಪು ಮದ್ದಿಗಾಗಿಯೇ ಮಾಡಿದ, ತೋಟಾ ಹಾಕಲಾಗದ, ಬಾಯಿಂದ ತುಂಬುವ ಕೋವಿ ಒಕ್ಕೂಟ ಸರ್ಕಾರದ ಲೆಕ್ಕದಲ್ಲಿ 'ಪುರಾತನ' ವರ್ಗಕ್ಕೆ ಸೇರುತ್ತದೆ. ಮಾಮೂಲಿ ಬಂದೂಕಿನ ನಿಯಮಗಳು ಅದಕ್ಕೆ ತಾಗುವುದಿಲ್ಲ. ಆದರೆ ರಾಜ್ಯಗಳ ಕಾನೂನು ಬೇರೆ. ನ್ಯೂಜೆರ್ಸಿಯಲ್ಲಿ ಇದಕ್ಕೂ ಬಂದೂಕು ಖರೀದಿಯ ಗುರುತಿನ ಚೀಟಿ ಬೇಕು. ಎಚ್-1ಬಿ, ವಿದ್ಯಾರ್ಥಿ ವೀಸಾದಲ್ಲಿರುವವರು ಅಂಗಡಿಯವನ ಮಾತು ನಂಬಿ ಕೊಳ್ಳಬೇಡಿ. ಕೋವಿಗೆ ಒಂದು ನಿಯಮ, ಅದರೊಳಗಿನ ಕಪ್ಪು ಮದ್ದಿಗೆ ಇನ್ನೊಂದು. ಮದ್ದು ಸ್ಫೋಟಕಗಳ ಕಾನೂನಿನಡಿ ಬರುತ್ತದೆ. ವಕೀಲರಿಗೆ ಕೊಡುವ ಒಂದು ಗಂಟೆಯ ಶುಲ್ಕ ವೀಸಾಗಿಂತ ಅಗ್ಗ.

ಬೇಟೆಗೆಂದೇ ಕೊಳ್ಳುವುದಾದರೆ ನಿಮ್ಮ ರಾಜ್ಯದ ಆ ವರ್ಷದ ಬೇಟೆ ಪುಸ್ತಿಕೆಯಲ್ಲಿ ಮೂರು ವಿಷಯ ನೋಡಿ: ನುಣುಪು ನಳಿಗೆಗೆ ಅನುಮತಿ ಇದೆಯೇ, ಕನಿಷ್ಠ ಕ್ಯಾಲಿಬರ್ ಎಷ್ಟು, ಹೊತ್ತಿಸುವ ಬಗೆ ಯಾವುದು. ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಕಳೆದ ಮೇಲೆ ಬರುವ ಚಕಮಕಿ ಕೋವಿಯ ಜಿಂಕೆ ಋತುವಿಗೆ ಕೇಪಿನ ಕೋವಿ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವ ಬೇಟೆಗೂ ಸೀಸದ ಗುಂಡು, ಸೀಸದ ಚರೆ ಬಳಸುವಂತಿಲ್ಲ. ನೀರುಹಕ್ಕಿಗಳಿಗೆ ಇಡೀ ದೇಶದಲ್ಲೇ 1991ರಿಂದ ಸೀಸದ ಚರೆ ನಿಷಿದ್ಧ. ಸೀಸದ ಬದಲಿಗೆ ಉಕ್ಕಿನ ಚರೆ ಹಾಕಿದರೆ ಇಂಥ ಮೆದು ನಳಿಗೆಯ ಒಳಮೈ ಗೀರಿಹೋಗುತ್ತದೆ. ಬಿಸ್ಮತ್ ಚರೆ ಬೇಕು, ಅದು ದುಬಾರಿ.

ಸ್ಪರ್ಧೆಗಾಗಿ ಕೊಳ್ಳುವವರು ಬೀಳುವ ಹಳ್ಳ ಇದು: ನುಣುಪು ನಳಿಗೆಯ ಎಷ್ಟೋ ಪಂದ್ಯಗಳಲ್ಲಿ ಹಿಂದಿನ ಸೈಟಿಗೆ ಅವಕಾಶವಿಲ್ಲ. ರೈಫಲ್ ಪಂದ್ಯಕ್ಕೆ ಹೋದರೆ ಗೀರಿಲ್ಲದ ನಳಿಗೆ ಸೋಲುತ್ತದೆ, ಸ್ಮೂತ್‌ಬೋರ್ ಪಂದ್ಯಕ್ಕೆ ಹೋದರೆ ಸೈಟು ಕಂಡು ಹೊರಗೆ ಕಳಿಸುತ್ತಾರೆ. ನೀವು ಸೇರುವ ಕ್ಲಬ್ಬಿನ ನಿಯಮಾವಳಿಯನ್ನು ಬರಹದಲ್ಲಿ ತರಿಸಿಕೊಳ್ಳಿ.

ಊರಿಗೆ ತರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಭಾರತದಲ್ಲಿ 1959ರ ಆಯುಧ ಕಾಯ್ದೆಯಡಿ ಬಾಯಿಂದ ತುಂಬುವ ಕೋವಿಗೂ ಲೈಸೆನ್ಸ್ ಬೇಕು. ಮಲೆನಾಡಿನ ಬೆಳೆಗಾರರು ಎಸ್‌ಬಿಎಂಎಲ್ (ಸಿಂಗಲ್ ಬ್ಯಾರೆಲ್ ಮಜಲ್ ಲೋಡರ್) ಎನ್ನುವುದು ಆ ಲೈಸೆನ್ಸಿನ ಕೋವಿಯನ್ನೇ, ಚುನಾವಣೆ ಬಂತೆಂದರೆ ಅದನ್ನೂ ಠಾಣೆಗೆ ಹೊತ್ತುಕೊಂಡು ಹೋಗಿ ಇಡಬೇಕು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಅವರಿಗಷ್ಟೇ.

ಹಂತ 3: ಬೋರ್ ಆರಿಸಿ

ಬೋರ್ ಎಂದರೆ ನಳಿಗೆಯ ಒಳ ಅಗಲ. ಹಳೆಯ ಲೆಕ್ಕದಲ್ಲಿ ಒಂದು ಪೌಂಡ್ ಸೀಸಕ್ಕೆ ಆ ಅಗಲದ ಎಷ್ಟು ಗುಂಡು ಬರುತ್ತವೋ ಅದೇ ಗೇಜ್: 20 ಬಂದರೆ 20 ಗೇಜ್, ಅಂದರೆ 0.615 ಇಂಚು. ಮದ್ದು ಮತ್ತು ಗುಂಡಿನ ತೂಕವನ್ನು ಗ್ರೇನ್‌ನಲ್ಲಿ ಹೇಳುತ್ತಾರೆ. 7000 ಗ್ರೇನ್‌ಗೆ ಒಂದು ಪೌಂಡ್, 15.4 ಗ್ರೇನ್‌ಗೆ ಒಂದು ಗ್ರಾಂ.

0.50 ಇಂಚಿನ ನಳಿಗೆಗೆ 0.490ರ ಗುಂಡು, ತೂಕ ಸುಮಾರು 177 ಗ್ರೇನ್. ಗುಂಡಿಗೆ ಚೆನ್ನ, ಆದರೆ ಚರೆ ಅರ್ಧ ಔನ್ಸ್‌ನಷ್ಟೇ ಹಿಡಿಸುತ್ತದೆ. ಅಳಿಲಿಗೆ ಸಾಕು, ಟರ್ಕಿಗೆ ಸಾಲದು. 0.54ಕ್ಕೆ 0.526ರ ಗುಂಡು, ಸುಮಾರು 220 ಗ್ರೇನ್, ಚರೆ ಮುಕ್ಕಾಲು ಔನ್ಸ್. 0.62ಕ್ಕೆ 0.600ರ ಗುಂಡು, ಸುಮಾರು 325 ಗ್ರೇನ್, ಅಂದರೆ 21 ಗ್ರಾಂ. ಚರೆ ಪೂರ್ತಿ ಒಂದು ಔನ್ಸ್.

ಬೋರ್ ದೊಡ್ಡದಾದಷ್ಟೂ ಚರೆ ಒಳ್ಳೆಯದು, ಸೀಸ ಮತ್ತು ಭುಜ ಎರಡಕ್ಕೂ ಖರ್ಚು. ಒಂದು ಪೌಂಡ್ ಸೀಸದಲ್ಲಿ 0.54ರ ಗುಂಡು 31–32 ಬಂದರೆ 0.62ರದ್ದು 21 ಬರುತ್ತವೆ. ಗುಂಡೇ ಮುಖ್ಯ, ಚರೆ ಅಪರೂಪಕ್ಕೆ ಎಂದರೆ 0.54 ತೆಗೆದುಕೊಳ್ಳಿ. ಟರ್ಕಿ ಬೇಟೆ ಪಟ್ಟಿಯಲ್ಲಿದ್ದರೆ 0.62. ನಡುವಿನ 0.58 ಕೆಟ್ಟದ್ದಲ್ಲ, ಆದರೆ ಮದ್ದಿಗೂ ಚರೆಗೂ ನಡುವೆ ಇಡಲು ಬೇಕಾದ 24 ಗೇಜಿನ ಬೆಣೆ ಮತ್ತು ರಟ್ಟಿನ ಬಿಲ್ಲೆ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. 0.50 ನುಣುಪು ನಳಿಗೆಯಿಂದ ಎರಡು ಕೆಲಸವೂ ಅರ್ಧಂಬರ್ಧ.

ಹಂತ 4: ನಳಿಗೆ, ಹಿಡಿ, ಚಕಮಕಿ

ತುದಿಯವರೆಗೂ ಒಂದೇ ದಪ್ಪದ ಎಂಟು ಮೂಲೆಯ ನಳಿಗೆ ಕೈ ಸೋಲಿಸುತ್ತದೆ. ಬಾಯಿಯ ಕಡೆ ಭಾರ ಹೆಚ್ಚು. ಹಿಂಭಾಗ ಎಂಟು ಮೂಲೆಯಿದ್ದು ಮುಂದೆ ದುಂಡಗಾಗುವ ನಳಿಗೆ ಇದಕ್ಕೆ ಹೇಳಿ ಮಾಡಿಸಿದ್ದು. ಹಿಡಿಯ ಬೆನ್ನು, ಅಂದರೆ ಭುಜಕ್ಕೊತ್ತುವ ತುದಿ, ಅಗಲವಾಗಿ ಚಪ್ಪಟೆಯಾಗಿರಲಿ. 19ನೇ ಶತಮಾನದ ರೈಫಲ್‌ಗಳಲ್ಲಿ ಕಾಣುವ ಅರ್ಧಚಂದ್ರದಂತೆ ಬಾಗಿದ ಕಿರಿದಾದ ಹಿತ್ತಾಳೆಯ ಬೆನ್ನು 0.62ರ ಒದೆತಕ್ಕೆ ಭುಜದಲ್ಲಿ ನೀಲಿ ಗುರುತು ಮೂಡಿಸುತ್ತದೆ. ಕೋವಿಯನ್ನು ಭುಜಕ್ಕೇರಿಸಿ, ಕಣ್ಣು ಮುಚ್ಚಿ, ಮತ್ತೆ ತೆರೆಯಿರಿ. ಕತ್ತು ಕೊಂಕಿಸದೆ ಎರಡೂ ಸೈಟು ಒಂದೇ ಗೆರೆಯಲ್ಲಿ ಕಂಡರೆ ಹಿಡಿ ನಿಮಗೆ ಒಗ್ಗುತ್ತದೆ.

ಹೊತ್ತಿಸುವುದಕ್ಕೆ ಚಕಮಕಿಯೋ ಕೇಪೋ? ಹಳೆಯ ರೂಪಕ್ಕೆ ಚಕಮಕಿಯೇ ಸರಿ. ಕಲ್ಲು ಉಕ್ಕಿಗೆ ಉಜ್ಜಿ, ಕಿಡಿ ತಟ್ಟೆಯ ರಂಜಕಕ್ಕೆ, ಅಂದರೆ ಅಲ್ಲಿಟ್ಟ ಚಿಟಿಕೆ ಮದ್ದಿಗೆ, ಬಿದ್ದು, ನಳಿಗೆಯ ಪಕ್ಕದ ಕಿವಿಯ ತೂತಿನಿಂದ ಒಳಗಿನ ಮದ್ದಿಗೆ ಬೆಂಕಿ ಹೋಗುತ್ತದೆ. ಕಪ್ಪು ಮದ್ದಿಗೆ ಬದಲಿ ಎಂದು ಮಾರುವ ಪೈರೊಡೆಕ್ಸ್‌ನಂಥವು ಚಕಮಕಿಗೆ ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ. ಹತ್ತಿರದಲ್ಲಿ ಅಸಲಿ ಕಪ್ಪು ಮದ್ದು ಸಿಗದ ಊರಿನಲ್ಲಿದ್ದರೆ ಕೇಪಿನ ಕೋವಿಯನ್ನೇ ನೋಡಿ.

ಹಂತ 5: ಹಳೆಯದು ಕೊಳ್ಳುವಾಗ ಪರೀಕ್ಷೆ

ನಾವೇ ಜೋಡಿಸಿಕೊಳ್ಳುವ ಬಿಡಿಭಾಗಗಳ ಒಳ್ಳೆಯ ಕಿಟ್‌ಗೇ ಸಾವಿರ ಡಾಲರಿಗೂ ಮೇಲೆ ಕೊಡಬೇಕಾಗಿ ಬರುವುದರಿಂದ ಸೆಕೆಂಡ್‌ಹ್ಯಾಂಡ್ ಕಡೆ ಮನಸ್ಸು ಹೋಗುವುದು ಸಹಜ. ನೋಡಬೇಕಾದದ್ದು ಈ ಕ್ರಮದಲ್ಲಿ:

1. ಬಾರು ಆಗಿದೆಯೇ ನೋಡಿ. ಜಡಿಗೋಲನ್ನು ನಳಿಗೆಯ ಹೊರಗೆ, ಬಾಯಿಯಿಂದ ಕಿವಿಯ ತೂತಿನವರೆಗೆ ಇಟ್ಟು ಅಳೆಯಿರಿ. ನಂತರ ಒಳಗೆ ಬಿಡಿ. ಒಳಗೆ ಒಂದೆರಡು ಇಂಚು ಕಡಿಮೆ ಹೋದರೆ ಒಳಗೆ ಈಡು ಕೂತಿದೆ. ವರ್ಷಗಟ್ಟಲೆ ಗೋಡೆಯ ಮೇಲೆ ತೂಗಿದ ಕೋವಿಯೊಳಗಿನ ಮದ್ದೂ ಹೊತ್ತಿಕೊಳ್ಳುತ್ತದೆ.

2. ಬಟಾಣಿ ಗಾತ್ರದ ಎಲ್ಇಡಿ ದೀಪ ಒಳಗೆ ಇಳಿಸಿ ನೋಡಿ. ತುಕ್ಕಿನ ಕುಳಿ, ಉಂಗುರದಂಥ ಗೆರೆ ಹುಡುಕಿ. ಗುಂಡು ಮದ್ದಿಗೆ ತಾಗದೆ ಮಧ್ಯದಲ್ಲೇ ನಿಂತಿದ್ದಾಗ ಹೊಡೆದರೆ ಅಲ್ಲಿ ನಳಿಗೆ ಉಬ್ಬುತ್ತದೆ. ಒಳಗೆ ಕಾಣುವ ಉಂಗುರ ಅದರದ್ದು. ಹೊರಗೆ ಬೆರಳು ಸವರಿದರೂ ಗೊತ್ತಾಗುತ್ತದೆ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಬೇಡ.

3. ಗೀರಿನ ಪಳೆಯುಳಿಕೆ ಇದೆಯೇ? ಸವೆದ ರೈಫಲ್ ನಳಿಗೆಯನ್ನು ಕೊರೆದು ಸ್ಮೂತ್ ರೈಫಲ್ ಎಂದು ಮಾರುವುದುಂಟು. ಲೆಕ್ಕ ನೋಡಿ: ಹೊರ ಅಗಲ 13/16 ಇಂಚು, ಅಂದರೆ 0.8125. ಒಳಗೆ 0.50 ಇದ್ದಾಗ ಗೋಡೆಯ ದಪ್ಪ 0.156 ಇಂಚು. ಅದನ್ನು 0.58ಕ್ಕೆ ಕೊರೆದರೆ ಉಳಿಯುವುದು 0.116. ಹಿಂದಿನ ಸೈಟು ಕೂರಿಸಲು ಮೇಲ್ಮೈಯಲ್ಲಿ 0.05 ಇಂಚು ಆಳದ ಕಚ್ಚು ಕೊರೆದಿರುತ್ತಾರೆ. ಅಲ್ಲಿ ಉಳಿದದ್ದು 0.066 ಇಂಚು! ಕೊರೆದವರು ಯಾರು, ಎಷ್ಟು ದಪ್ಪ ಉಳಿಸಿದರು ಎಂದು ಬರಹದಲ್ಲಿ ಸಿಗದಿದ್ದರೆ ಅದು ಗೋಡೆಗೆ ತೂಗುವ ಕೋವಿ, ಹೊಡೆಯುವುದಲ್ಲ.

4. ಕುದುರೆಯನ್ನು, ಅಂದರೆ ಟ್ರಿಗರ್ ಎಳೆದಾಗ ಬಡಿಯುವ ಭಾಗವನ್ನು, ಅರ್ಧಕ್ಕೆ ಏರಿಸಿ ಟ್ರಿಗರ್ ಎಳೆಯಿರಿ. ಬೀಳಬಾರದು. ಬಿದ್ದರೆ ಲಾಕ್ ರಿಪೇರಿ ಆಗುವವರೆಗೂ ವ್ಯಾಪಾರವಿಲ್ಲ.

5. ಡಿಜಿಟಲ್ ಕ್ಯಾಲಿಪರ್‌ನಿಂದ ಬಾಯಿಯ ಒಳ ಅಗಲ ನೀವೇ ಅಳೆಯಿರಿ. "0.62" ಎಂದು ಕೊಟ್ಟದ್ದು 0.605 ಇರಬಹುದು, ಆಗ 0.600ರ ಗುಂಡು ಬಟ್ಟೆಯ ಜೊತೆ ಇಳಿಯುವುದೇ ಇಲ್ಲ.

ಹಂತ 6: ಹೊಡೆದು ನೋಡಿ

ಕೊಳ್ಳುವ ಮೊದಲು ಇದೇ ಕೋವಿಯನ್ನೋ ಇಂಥದ್ದೇ ಬೋರಿನ ಇನ್ನೊಂದನ್ನೋ ಎರವಲು ಪಡೆದು ಒಂದು ದಿನ ಹೊಡೆಯಿರಿ. ಬೇಕಾದದ್ದು: ಕಪ್ಪು ಮದ್ದು 2ಎಫ್ (ಮದ್ದಿನ ಕಾಳಿನ ಗಾತ್ರದ ಗುರುತು), ಮದ್ದಿನ ಅಳತೆಗೊಳವೆ, ಬೋರಿಗಿಂತ 0.010 ಮತ್ತು 0.020 ಇಂಚು ಚಿಕ್ಕದಾದ ಎರಡು ಗಾತ್ರದ ಗುಂಡು, 0.010 ಮತ್ತು 0.015 ಇಂಚು ದಪ್ಪದ ಹತ್ತಿ ಬಟ್ಟೆಯ ತುಂಡು, ಅದಕ್ಕೆ ಸವರುವ ಜಿಡ್ಡು, ಗಟ್ಟಿ ರಟ್ಟಿನ ಬಿಲ್ಲೆ, ಮೆತ್ತನೆಯ ಬೆಣೆ, 5 ಅಥವಾ 6ನೇ ನಂಬರಿನ ಚರೆ, ಕಣ್ಣು ಕಿವಿಗೆ ರಕ್ಷೆ. ಹೊಗೆಯಿಲ್ಲದ ಆಧುನಿಕ ಮದ್ದನ್ನು ಒಂದು ಚಿಟಿಕೆಯೂ ಬೆರೆಸಬೇಡಿ. ಅದರ ಒತ್ತಡಕ್ಕೆ ಈ ನಳಿಗೆ ಸೀಳುತ್ತದೆ.

ಗುಂಡಿನ ಸರದಿ. ಡಬ್ಬಿಯಿಂದ ನೇರವಾಗಿ ಎಂದೂ ನಳಿಗೆಗೆ ಸುರಿಯಬೇಡಿ. ಒಳಗೆ ಕೆಂಡ ಉಳಿದಿದ್ದರೆ ಕೈಯಲ್ಲಿರುವ ಡಬ್ಬಿಯೇ ಸಿಡಿಯುತ್ತದೆ. ಅಳತೆಗೊಳವೆಗೆ ಸುರಿದು, ಅದರಿಂದ ನಳಿಗೆಗೆ. 0.62ಕ್ಕೆ 60 ಗ್ರೇನ್, 0.54ಕ್ಕೆ 50 ಗ್ರೇನ್‌ನಿಂದ ಶುರುಮಾಡಿ. ಜಿಡ್ಡು ಸವರಿದ ಬಟ್ಟೆ ಬಾಯಿಯ ಮೇಲೆ, ಅದರ ಮೇಲೆ ಗುಂಡು; ಎರಕದ ಗುರುತು ಮೇಲಕ್ಕೆ, ನಟ್ಟನಡುವೆ. ಒಂದೇ ಒತ್ತಿಗೆ ತಳದವರೆಗೆ ಜಡಿದು, ಜಡಿಗೋಲಿನ ಮೇಲೆ ಬಾಯಿಯ ಮಟ್ಟಕ್ಕೆ ಗುರುತು ಹಾಕಿ. ಮುಂದಿನ ಪ್ರತಿ ಈಡಿಗೂ ಗುರುತು ಅಲ್ಲೇ ಬರಬೇಕು. ಗುರುತು ಮೇಲೆ ನಿಂತರೆ ಗುಂಡು ಮದ್ದಿನ ಮೇಲೆ ಕೂತಿಲ್ಲ ಅಥವಾ ಎರಡು ಸಲ ತುಂಬಿದ್ದೀರಿ; ಕೆಳಗೆ ಹೋದರೆ ಮದ್ದೇ ಹಾಕಿಲ್ಲ. ರಂಜಕ ಕೊನೆಗೆ, ಗುರಿಯ ಕಟ್ಟೆಗೆ ಬಂದ ಮೇಲೆ.

25 ಗಜಕ್ಕೆ ಐದು ಗುಂಡು, ಆಮೇಲೆ 50 ಗಜಕ್ಕೆ ಐದು. ಪ್ರತಿ ಈಡಿನ ನಡುವೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ. 5 ಗ್ರೇನ್‌ನಂತೆ ಏರಿಸುತ್ತಾ ನಳಿಗೆ ಮಾಡಿದವರು ಹೇಳಿದ ಮಿತಿಯೊಳಗೆ ಗುಂಪು ಬಿಗಿಯಾಗುವ ಅಳತೆ ಹುಡುಕಿ. ಆ ಮಿತಿ ಗೊತ್ತಿಲ್ಲದಿದ್ದರೆ ಏರಿಸಬೇಡಿ. 50 ಗಜದಲ್ಲಿ ಐದೂ ಗುಂಡು ಒಂದು ಊಟದ ತಟ್ಟೆಯೊಳಗೆ ಬಂದರೆ ಸಾಧಾರಣ, ಅಂಗೈಯಗಲದೊಳಗೆ ಬಂದರೆ ಒಳ್ಳೆಯ ನಳಿಗೆ. ಗುಂಪು ಬಿಗಿಯಾಗಿದ್ದು ಗುರಿಯ ಕೆಳಗಿದ್ದರೆ ಚಿಂತೆಯಿಲ್ಲ, ಮುಂದಿನ ಸೈಟನ್ನು ಅರದಿಂದ ತುಸು ಉಜ್ಜಿದರೆ ಗುಂಡು ಮೇಲೇರುತ್ತದೆ. ಉಜ್ಜಿದ್ದನ್ನು ಮತ್ತೆ ಬೆಳೆಸಲಾಗದು, ಒಂದೆರಡು ಎಳೆತಕ್ಕೊಮ್ಮೆ ಹೊಡೆದು ನೋಡಿ.

ಕಿಡಿ ಹಾರಿಯೂ ಈಡು ಹೋಗದಿದ್ದರೆ ಒಂದು ನಿಮಿಷ ಬಾಯಿ ಗುರಿಯ ಕಡೆಗೇ ಇರಲಿ. ತಡವಾಗಿ ಹೊತ್ತಿಕೊಳ್ಳುವುದು ಚಕಮಕಿ ಕೋವಿಯ ಚಾಳಿ.

ಈಗ ಚರೆ. ಮದ್ದು, ಅದರ ಮೇಲೆ ಗಟ್ಟಿ ಬಿಲ್ಲೆ, ಮೆತ್ತನೆಯ ಬೆಣೆ, ಚರೆ, ಕೊನೆಗೆ ತೆಳು ಬಿಲ್ಲೆ. ಮದ್ದಿನ ಅಳತೆಗೊಳವೆಯಲ್ಲೇ ಅಷ್ಟೇ ಚರೆ ಅಳೆಯುವುದು ಹಳೆಯ ಸರಳ ವಿಧಾನ. 70 ಗ್ರೇನ್ ಮದ್ದು ಹಿಡಿಯುವ ಗೊಳವೆಗೆ ಸುಮಾರು ಒಂದು ಔನ್ಸ್ ಚರೆ ಹಿಡಿಯುತ್ತದೆ. 30 ಇಂಚಿನ ಹಾಳೆಗೆ 20 ಗಜದಿಂದ ಹೊಡೆಯಿರಿ. ನಡುವೆ ಟರ್ಕಿಯ ತಲೆಯಷ್ಟಗಲ ಖಾಲಿ ಜಾಗಗಳಿದ್ದರೆ ಮದ್ದು 5 ಗ್ರೇನ್ ಇಳಿಸಿ. ಮದ್ದು ಹೆಚ್ಚಾದರೆ ಬೆಣೆ ಚರೆಯ ಮೊತ್ತವನ್ನೇ ಒಡೆದುಕೊಂಡು ಮುಂದೆ ನುಗ್ಗುತ್ತದೆ. ಇಲ್ಲಿ ಬಾಯಿ ಬಿಗಿಮಾಡುವ ಚೋಕ್ ಇಲ್ಲ, 25 ಗಜದಾಚೆಯ ಆಸೆ ಬೇಡ. ಬೇಟೆಯಲ್ಲಿ ಬಾಯಿ ಕೆಳಗಾಗಿ ಕೋವಿ ಹೊತ್ತು ನಡೆದರೆ ತೆಳು ಬಿಲ್ಲೆ ಸಡಿಲಗೊಂಡು ಚರೆ ಜಾರುತ್ತದೆ. ಆಗ ನಡುವೆ ಉಳಿಯುವ ಖಾಲಿ ಜಾಗ, ಮೇಲೆ ಹೇಳಿದ ಉಂಗುರಕ್ಕೆ ಇನ್ನೊಂದು ಕಾರಣ.

ನಿರ್ಧಾರ ಇರುವುದು ಈ ಎರಡು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ನೋಡುವುದರಲ್ಲಿ. ಗುಂಡಿನ ಗುಂಪಿನ ನಡುವೂ ಚರೆಯ ನಡುವೂ ಒಂದೇ ಕಡೆ ಬೀಳುವುದು ಅಪರೂಪ. ಅಂತರ ಮೂರು ನಾಲ್ಕು ಇಂಚಾದರೆ ಒಗ್ಗಿಸಿಕೊಳ್ಳಬಹುದು. ಚರೆಯ ಗುಂಪು ಹತ್ತು ಇಂಚು ಪಕ್ಕಕ್ಕೆ ಬಿದ್ದರೆ ಸೈಟನ್ನು ಒಂದಕ್ಕೆ ಹೊಂದಿಸಿದಾಗ ಇನ್ನೊಂದು ತಪ್ಪುತ್ತದೆ, ಮತ್ತು ಆ ಕೋವಿ ನಿಮ್ಮ ಪಾಲಿಗೆ ಒಂದೇ ಕೆಲಸದ ಕೋವಿ. ಬೇರೆ ನಳಿಗೆ ನೋಡಿ.

ಎರವಲು ತಂದದ್ದನ್ನು ಅದೇ ಸಂಜೆ ತೊಳೆದು ಕೊಡಿ. ಕಪ್ಪು ಮದ್ದಿನ ಕಿಟ್ಟ ಗಾಳಿಯ ತೇವ ಹೀರಿ ರಾತ್ರಿ ಕಳೆಯುವಷ್ಟರಲ್ಲಿ ತುಕ್ಕು ಹಿಡಿಸುತ್ತದೆ. ಕಿವಿಯ ತೂತಿಗೆ ಕಡ್ಡಿ ಚುಚ್ಚಿ ಮುಚ್ಚಿ, ಉಗುರುಬೆಚ್ಚಗಿನ ನೀರು ತುಂಬಿ ಹತ್ತು ನಿಮಿಷ ಬಿಟ್ಟು ಚೆಲ್ಲಿ, ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಿ, ಒಣಗಿಸಿ, ಎಣ್ಣೆ ಸವರಿ. ಗೀರಿಲ್ಲದ ನಳಿಗೆಗೆ ಈ ಕೆಲಸ ರೈಫಲ್‌ಗಿಂತ ಬೇಗ ಮುಗಿಯುತ್ತದೆ. ಸೀಸ ಮುಟ್ಟಿದ ಕೈ ಸೋಪು ಹಾಕಿ ತೊಳೆದ ಮೇಲೆಯೇ ಊಟ.